ಎಡಗಡೆಗೆ ಮಾತ್ರ ಹೊಸ ವಯರು

ಮಳೆಗಾಲದಲ್ಲಿ ಊರಿನವರ ಕೆಲಸ ನಿಂತರೆ ನನ್ನದು ಶುರುವಾಗುತ್ತದೆ. ಮೀನುಗಾರಿಕೆಗೆ ನಿಷೇಧ ಬಿದ್ದು, ಬೋಟುಗಳೆಲ್ಲ ಧಕ್ಕೆಯಲ್ಲಿ ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತ ಮೇಲೆಯೇ ಅವುಗಳ ಮಾಲಕರಿಗೆ ನನ್ನ ನೆನಪಾಗುವುದು. ವಯರ್‌ಲೆಸ್ಸು ಕರಕರ ಅನ್ನುತ್ತದೆ, ಮೀನು ತೋರಿಸುವ ಪರದೆ ಇಲ್ಲದ ಮೀನನ್ನು ತೋರಿಸುತ್ತದೆ, ದಾರಿ ತೋರಿಸುವ ಯಂತ್ರ ಬೋಟನ್ನು ಗುಡ್ಡದ ಮೇಲೆ ನಿಲ್ಲಿಸುತ್ತದೆ. ಹತ್ತು ತಿಂಗಳು ಸುಮ್ಮನಿದ್ದವರು ಜೂನ್ ಬಂದ ಕೂಡಲೇ "ದಿನೇಶಣ್ಣ, ಅರ್ಜೆಂಟ್" ಎನ್ನುತ್ತಾರೆ. ಬೈಯುತ್ತೇನೆ, ಆದರೂ ಹೋಗುತ್ತೇನೆ. ನಮ್ಮದು ಅಜ್ಜನ ಕಾಲದಿಂದಲೂ ಕಡಲಿಗೆ ಹೋಗುವ ಮನೆ. ನಾನೊಬ್ಬ ಮಾತ್ರ ಮಂಗಳೂರಿನ ಜೆಪ್ಪುವಿನಲ್ಲಿ ಕೂತು, ಕಡಲಿಗೆ ಹೋಗಿ ಬಂದದ್ದನ್ನು ರಿಪೇರಿ ಮಾಡುವವನಾದೆ.

ಈ ವರ್ಷವೂ ಹಾಗೆಯೇ ಒಂದು ಬೋಟಿನ ಕ್ಯಾಬಿನಿನೊಳಗೆ ಮೊಣಕಾಲೂರಿ ಕೂತಿದ್ದೆ. ಮಳೆ ಒಳಗೆ ಹೊಡೆಯುತ್ತದೆಂದು ಬಾಗಿಲು ಮುಚ್ಚಿದ್ದರು. ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆಗೆ ಹೋಗಲು ದಾರಿಯಿಲ್ಲದೆ ನನ್ನ ಮುಖದ ಮುಂದೆಯೇ ಸುತ್ತಿತು. ಆ ಹೊಗೆ ನನಗೆ ಹೊಸತಲ್ಲ, ದಿನಾ ಕುಡಿಯುವಂಥದ್ದು. ಆದರೆ ಅವತ್ತು ಮಾಲಕ ಕ್ಯಾಬಿನನ್ನು ಫಿನಾಯಿಲ್ ಹಾಕಿ ತೊಳೆಸಿದ್ದ. ಫಿನಾಯಿಲು, ರಾಳದ ಹೊಗೆ ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ಕೈ ನಿಂತುಹೋಯಿತು. ಕೆಲವು ವರ್ಷದ ಹಿಂದೆ ವಾಮಂಜೂರಿನಲ್ಲಿ ಭಾವ ಮಲಗಿದ್ದ ಕೋಣೆಗೆ ಸರಿಯಾಗಿ ಅದೇ ವಾಸನೆಯಿತ್ತು.

ಭಾವ ಅಂದರೆ ನನ್ನ ಅಕ್ಕ ಸುಮತಿಯ ಗಂಡ, ಸದಾಶಿವ. ಮಸ್ಕತಿನಲ್ಲಿ ಒಂದು ಕಂಪೆನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಅಕ್ಕನ ಮದುವೆಯಾದ ಮರು ವರ್ಷ ಹೋದವರು ತಲೆ ಬೆಳ್ಳಗಾಗುವವರೆಗೆ ಅಲ್ಲಿಯೇ ಇದ್ದರು. ಮಕ್ಕಳಿಲ್ಲ. ವಾಮಂಜೂರಿನಲ್ಲಿ ತಮ್ಮ ಪಾಲಿಗೆ ಬಂದ ಗದ್ದೆಯ ಅಂಚಿನಲ್ಲಿ ಒಂದು ಮನೆ ಕಟ್ಟಿಸಿದ್ದರು. ಮನೆ ಕಟ್ಟುವಾಗ ಸುತ್ತ ಗದ್ದೆಯೇ ಇದ್ದದ್ದು ಹೌದು, ಆಮೇಲೆ ಒಂದೊಂದೇ ಗದ್ದೆಗೆ ಮಣ್ಣು ಬಿದ್ದು, ಕಿಟಕಿ ತೆರೆದರೆ ಕಾಲೇಜು ಹಾಸ್ಟೆಲಿನ ಹುಡುಗಿಯರು ಬಟ್ಟೆ ಒಣಗಿಸುವುದು ಕಾಣುತ್ತಿತ್ತು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ಆ ಮನೆಯಲ್ಲಿ ನೆಂಟನ ಹಾಗೆ ಇದ್ದು ಹೋಗುತ್ತಿದ್ದ ಮನುಷ್ಯ, ಆ ವರ್ಷ ಖಾಯಂ ಬಂದರು. ಹೊಟ್ಟೆಯೊಳಗೆ ಕಾಯಿಲೆ ಇತ್ತು. ನಮ್ಮ ಊರಿನ ಡಾಕ್ಟರು ಹೊಟ್ಟೆ ತೆರೆದು ನೋಡಿ, ಹಾಗೆಯೇ ಮುಚ್ಚಿ, ಅಕ್ಕನನ್ನು ಹೊರಗೆ ಕರೆದು, ಅವರು ಏನು ತಿನ್ನಲು ಕೇಳುತ್ತಾರೋ ಕೊಡಿ ಎಂದರು. ಅಕ್ಕ ನನ್ನ ಬಳಿಗೆ ಬಂದು ಅಂಗಿಯ ತೋಳು ಹಿಡಿದುಕೊಂಡಳು. ಬಿಡಲೇ ಇಲ್ಲ.

ಸುದ್ದಿ ಹಬ್ಬಿದ ಕೂಡಲೇ ಜನ ಬಂದರು. ಬರುವವರೆಲ್ಲ ಸೇಬು ತಂದರು, ಎಳನೀರು ತಂದರು, ಹಾಲಿಗೆ ಹಾಕುವ ಪುಡಿಯ ಬಾಟಲಿ ತಂದರು. ಪ್ರತಿಯೊಬ್ಬರ ಕುಟುಂಬದಲ್ಲೂ ಇದೇ ಕಾಯಿಲೆ ಬಂದು ಹುಷಾರಾದ ಒಬ್ಬ ಚಿಕ್ಕಪ್ಪ ಇರುತ್ತಿದ್ದ. ಅವನ ಕಥೆ ಹೇಳಿ ಮುಗಿದ ಮೇಲೆ ಅವರಿಗೆ ಮಾತಿರುತ್ತಿರಲಿಲ್ಲ, ಫ್ಯಾನು ನೋಡುತ್ತ ಕೂತು, ಗಡಿಯಾರ ನೋಡಿ, ಎದ್ದು ಹೋಗುತ್ತಿದ್ದರು. ಭಾವ ಎಲ್ಲರನ್ನೂ ನಗುತ್ತ ಕಳಿಸಿಕೊಡುತ್ತಿದ್ದರು. ಮೇ ಕೊನೆಗೆ ಮಳೆ ಹಿಡಿಯಿತು. ಬರುವವರು ನಿಂತರು. "ಈ ಮಳೆಗೆ ಯಾರು ಬರ್ತಾರೆ ಭಾವ" ಎಂದು ನಾನು ಸಮಾಧಾನ ಹೇಳಲು ಹೋದೆ.

"ಮಳೆಗೆ ಯಾಕೆ ಬೈತೀ? ಮಳೆ ಇಲ್ಲದಿದ್ರೂ ಬರ್ತಿರಲಿಲ್ಲ" ಎಂದರು.

ಆ ಮನೆಯಲ್ಲಿ ಭಾವನದ್ದು ಅಂತ ಇದ್ದದ್ದು ಒಂದೇ ವಸ್ತು, ಮಸ್ಕತಿನಿಂದ ತಂದಿದ್ದ ಜಪಾನಿನ ಆಂಪ್ಲಿಫೈಯರು. ಎತ್ತಬೇಕಾದರೆ ಎರಡೂ ಕೈ ಬೇಕು, ಜೊತೆಗೆ ಸೊಂಟವೂ ಬೇಕು. ಎರಡು ಮರದ ಸ್ಪೀಕರು. ಅಲ್ಲಿ ಕಂಪೆನಿಯ ಕೋಣೆಯಲ್ಲಿ ಜೋರಾಗಿ ಹಾಕುವಂತಿರಲಿಲ್ಲವಂತೆ, ಊರಿಗೆ ತಂದಿಟ್ಟ ಮೇಲೆ ಕೇಳಲು ಕೂತರೆ ರಜೆ ಮುಗಿದುಹೋಗುತ್ತಿತ್ತಂತೆ. "ಇದನ್ನು ಸರಿಯಾಗಿ ಒಂದು ಸಲ ಕೇಳಿ ಹೋಗ್ಬೇಕು, ಅಷ್ಟೇ" ಎಂದು ಆಸ್ಪತ್ರೆಯಿಂದ ಬಂದ ದಿನವೇ ಹೇಳಿದ್ದರು. ಹೋಗುವುದು ಎಂಬ ಮಾತನ್ನು ಅಷ್ಟು ಸಲೀಸಾಗಿ ಹೇಳಿದ್ದಕ್ಕೆ ನನಗೆ ಸಿಟ್ಟು ಬಂದಿತ್ತು.

ಜೂನಿನ ಮೊದಲ ವಾರ ಬಿಕರ್ನಕಟ್ಟೆಯ ವಲೇರಿಯನ್ ಬಂದ. ಊರಿಗೆಲ್ಲ ಅವನು ವಾಲಿ. ಭಾವ ಮಸ್ಕತಿಗೆ ಹೋಗುವ ಮೊದಲು ಇಬ್ಬರೂ ಸೇರಿ ಮೈಕ್ ಸೆಟ್ ಇಟ್ಟಿದ್ದರು. ಭೂತದ ಕೋಲಕ್ಕೆ, ತಾಳಮದ್ದಳೆಗೆ, ಕ್ರಿಶ್ಚಿಯನರ ಮದುವೆಯ ಹಿಂದಿನ ದಿನ ವಧುವಿಗೆ ತೆಂಗಿನ ಹಾಲು ಹಚ್ಚುವ ರೋಸ್ ಕಾರ್ಯಕ್ರಮಕ್ಕೆ ಇವರದೇ ಸೌಂಡು. ಭಾವ ಹೋದ ಮೇಲೆ ವಾಲಿ ಒಬ್ಬನೇ ನಡೆಸಿದ, ಡಿಜೆಗಳ ಕಾಲ ಬಂದಾಗ ಎಲ್ಲ ಮಾರಿ ಮನೆಯಲ್ಲಿ ಕೂತ. ನಡುವಿನ ಇಷ್ಟು ವರ್ಷಗಳಲ್ಲಿ ಗೆಳೆಯರು ಭೇಟಿಯಾದದ್ದು ಬಸ್‌ಸ್ಟ್ಯಾಂಡಿನಲ್ಲಿ, ಯಾರದೋ ಮದುವೆಯಲ್ಲಿ. ಅವತ್ತು ವಾಲಿಯೂ ಸೇಬು ಹಿಡಿದುಕೊಂಡೇ ಬಂದ. ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತ.

"ಹೇಗಿದ್ದೀ ಸದಾ?"

"ಹೀಗಿದ್ದೇನೆ."

ಅಲ್ಲಿಗೆ ಮುಗಿಯಿತು. ವಾಲಿಯ ಕಣ್ಣೂ ಫ್ಯಾನಿನ ಕಡೆಗೆ ಹೋಯಿತು. ಆಂಪ್ಲಿಫೈಯರಿನಲ್ಲಿ ಸಣ್ಣದಾಗಿ ಏನೋ ಹಾಡುತ್ತಿತ್ತು. ಒಂದು ಸಲ ಕರ್ ಎಂದು ಎಡಗಡೆಯ ಸ್ಪೀಕರು ಬಾಯಿ ಮುಚ್ಚಿತು. ವಾಲಿ ಏನೂ ಯೋಚಿಸದೆ ಎದ್ದು ಹೋಗಿ ಆಂಪ್ಲಿಫೈಯರಿನ ನೆತ್ತಿಗೆ ಅಂಗೈಯಿಂದ ಒಂದು ಕೊಟ್ಟ. ಸ್ವರ ಬಂತು. "ಇನ್ನೂ ಇದೇ ರಿಪೇರಿಯಾ ನಿನ್ನದು?" ಎಂದರು ಭಾವ. ಇಬ್ಬರೂ ನಕ್ಕರು. ಅಡುಗೆಮನೆಯಿಂದ ಅಕ್ಕ ಇಣುಕಿ ನೋಡಿದಳು. ಆ ಮನೆಯಲ್ಲಿ ಯಾರಾದರೂ ಬಾಯಿಬಿಟ್ಟು ನಕ್ಕು ತಿಂಗಳುಗಳೇ ಆಗಿದ್ದವು.

ಮರುದಿನ ನನಗೆ ಕರೆ ಬಂತು. ಹೋಗಿ ಮುಚ್ಚಳ ಬಿಚ್ಚಿದೆ. ನನಗೆ ಗೊತ್ತಿದ್ದದ್ದೇ. ಒಳಗಿನ ವಯರುಗಳನ್ನು ಬೋರ್ಡಿಗೆ ಸಿಕ್ಕಿಸುವ ಸಣ್ಣ ಕನೆಕ್ಟರುಗಳಿರುತ್ತವಲ್ಲ, ಎಡಗಡೆಯದ್ದಕ್ಕೆ ಹಸಿರು ಕಿಲುಬು ಹಿಡಿದಿತ್ತು. ನಮ್ಮ ಊರಿನ ಗಾಳಿಯಲ್ಲಿ ಉಪ್ಪುಂಟು, ಬೀಗಕ್ಕೆ, ಬೈಕಿಗೆ, ಸ್ವಿಚ್ಚಿಗೆ ಎಲ್ಲಕ್ಕೂ ಅದು ಕೈ ಇಡುತ್ತದೆ. ಸ್ಪಿರಿಟ್ ಹಾಕಿ ಉಜ್ಜಿದೆ, ಬಿಗಿ ಮಾಡಿ ಸಿಕ್ಕಿಸಿದೆ, ಕರಕರ ಹೋಯಿತು. ಮುಚ್ಚಳ ಹಾಕಲು ಹೊರಟರೆ ಭಾವ ತಡೆದರು.

"ಮುಚ್ಬೇಡ. ತೆರೆದದ್ದು ತೆರೆದಾಯ್ತಲ್ಲ, ಒಳಗಿನ ವಯರೇ ಬದಲಿಸುವ. ಕಂಪೆನಿಯವರು ಎಷ್ಟು ಸಪೂರದ್ದು ಹಾಕಿದ್ದಾರೆ ನೋಡು."

"ಭಾವ, ಕನೆಕ್ಟರ್ ಹಾಳಾಗಿತ್ತು, ಸರಿ ಮಾಡಿದೆ. ವಯರ್ ಎಂತ ಮಾಡಿದೆ ಪಾಪ?"

ಅಲ್ಲಿಂದ ಶುರುವಾದ ಚರ್ಚೆ ಇಡೀ ಮಳೆಗಾಲ ನಡೆಯಿತು. ನನ್ನ ವಾದ ಸರಳ. ಕೊಳೆತ ಕನೆಕ್ಟರು ಏನು ಮಾಡಬಲ್ಲದು ಎಂದು ಬೋಟಿನಲ್ಲಿ ದಿನಾ ನೋಡುವವನು ನಾನು. ಅದನ್ನು ತೊಳೆಯಬೇಕು, ತೀರ ಹಾಳಾಗಿದ್ದರೆ ಬದಲಿಸಬೇಕು. ಆದರೆ ಸರಿಯಿರುವ ವಯರನ್ನು ಕಿತ್ತು ಇನ್ನೂ ದುಬಾರಿಯ ವಯರು ಹಾಕಿದರೆ ಸ್ವರ ಚಂದ ಆಗುತ್ತದೆ ಅನ್ನುವುದು ಮರುಳು. ಆ ಸ್ವರ ಹೊರಗೆ ಬರುವ ಮೊದಲು ಟ್ರಾನ್ಸ್‌ಫಾರ್ಮರಿನೊಳಗೆ, ಸ್ಪೀಕರಿನೊಳಗೆ ಮಾರುಗಟ್ಟಲೆ ಸಾಮಾನ್ಯ ತಾಮ್ರದ ತಂತಿ ಸುತ್ತಿ ಬರುತ್ತದೆ. ನಡುವೆ ಒಂದು ಗೇಣು ಬೆಳ್ಳಿ ಲೇಪದ ವಯರು ಹಾಕಿದರೆ ಅದಕ್ಕೇನು ಗೊತ್ತಾಗಬೇಕು? ಭಾವನ ವಾದವೂ ಸರಳವೇ. "ನಿನಗೆ ಕೇಳುದಿಲ್ಲ ಅಂದ್ರೆ ಇಲ್ಲವೇ ಇಲ್ಲ ಅಂತಲಾ?"

ವಾಲಿಗೆ ಸುದ್ದಿ ಮುಟ್ಟಿತು. ಅವನು ಮರುದಿನವೇ ಬಸ್ಸಿಳಿದು, ಕೊಡೆ ಮಡಚಿ, ಅಂಗಿಯೊಳಗಿನಿಂದ ಒಂದು ಪ್ಲಾಸ್ಟಿಕ್ ತೊಟ್ಟೆ ತೆಗೆದ. ಹಡಗಿನ ಗುಜರಿಯಿಂದ ಯಾವತ್ತೋ ಸಿಕ್ಕಿದ ಬೆಳ್ಳಿ ಲೇಪದ ವಯರು. ತನ್ನ ಸೆಟ್ಟಿಗೆ ಹಾಕಬೇಕೆಂದು ವರ್ಷಗಟ್ಟಲೆ ಎತ್ತಿಟ್ಟಿದ್ದನಂತೆ, ಸೆಟ್ಟೇ ಮಾರಿ ಹೋಗಿತ್ತು. ಆ ವಯರನ್ನು ಭಾವ ಬೆರಳಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದ ರೀತಿ ನೋಡಿದ ಮೇಲೆ ನನಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಆದರೂ ನನ್ನ ಹಟ ನನ್ನದು.

"ಒಂದು ಕೆಲಸ ಮಾಡುವ" ಎಂದೆ. "ಎಡಗಡೆಗೆ ಮಾತ್ರ ಹೊಸ ವಯರ್ ಹಾಕ್ತೇನೆ. ಬಲಗಡೆ ಹಳೇದೇ ಇರ್ಲಿ. ಆಮೇಲೆ ಎರಡೂ ಕಡೆ ಕೇಳಿ ನೋಡಿ. ನಿಜವಾಗಿ ವ್ಯತ್ಯಾಸ ಉಂಟು ಅಂತಾದ್ರೆ ಬಲಗಡೆಗೂ ನಾನೇ ಹಾಕಿಕೊಡ್ತೇನೆ."

"ತೀರ್ಪು ಯಾರದ್ದು?" ಎಂದ ವಾಲಿ.

"ಸೆಟ್ ಯಾರದ್ದೋ ಅವರದ್ದು."

ಭಾವ ತಲೆಯಾಡಿಸಿದರು. ಬೆಸುಗೆ ತಾವೇ ಹಾಕುವುದೆಂದು ಕಾವಲಿಯ ಹಾಗೆ ಕಾದ ಬೆಸುಗೆ ಕಬ್ಬಿಣವನ್ನು ಕೈಗೆ ತೆಗೆದುಕೊಂಡರು. ಕೈ ನಿಲ್ಲಲಿಲ್ಲ. ನನಗೆ ಕೊಟ್ಟು, ಟಾರ್ಚು ಹಿಡಿದು ಕೂತರು.

ಪರೀಕ್ಷೆಗೆ ಅವರೇ ಒಂದು ಧ್ವನಿಮುದ್ರಣ ಆರಿಸಿದರು. ಮೈಕ್ ಸೆಟ್ಟಿನ ಕಾಲದಲ್ಲಿ ಇಬ್ಬರೂ ಸೇರಿ ಯಾರದೋ ಮನೆಯ ಅಂಗಳದಲ್ಲಿ ಒಂದೇ ಮೈಕಿಟ್ಟು ಹಿಡಿದಿದ್ದ ತಾಳಮದ್ದಳೆ. ಒಂದೇ ಮೈಕಾದ್ದರಿಂದ ಎಡಕ್ಕೂ ಬಲಕ್ಕೂ ಬರುವುದು ಒಂದೇ ಸ್ವರ, ಹೋಲಿಸಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಗುಂಡಿಯನ್ನು ಎಡಕ್ಕೆ ತಿರುಗಿಸಿದರೆ ಎಡಗಡೆ ಮಾತ್ರ ಹಾಡುತ್ತದೆ, ಬಲಕ್ಕೆ ತಿರುಗಿಸಿದರೆ ಬಲಗಡೆ. ಭಾಗವತರು ಪದ ಎತ್ತಿದರು. ಚೆಂಡೆ ಬಿತ್ತು, ಕಂಚಿನ ಚಕ್ರತಾಳ ಕೂಡಿಕೊಂಡಿತು. ಭಾವ ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಮತ್ತೆ ಎಡಕ್ಕೆ. ಆಮೇಲೆ ವಾಲಿಯ ಮುಖ ನೋಡಿದರು.

"ಹೇಗುಂಟು?"

ವಾಲಿ ಕಣ್ಣು ಮುಚ್ಚಿಕೊಂಡಿದ್ದ. "ಅಯ್ಯೋ ಸದಾ" ಎಂದ. "ಎಡಗಡೆ ಚಕ್ರತಾಳ ಕೇಳು. ಗಂಟೆ ಹಾಗೆ ನಿಂತು ನಿಂತು ಹೋಗ್ತದೆ. ಬಲಗಡೆ ಅದು ಬರೇ ತಗಡು."

ನನಗೆ ಎರಡೂ ಕಡೆ ಒಂದೇ ಚಕ್ರತಾಳ ಕೇಳಿತು. ಅದನ್ನೇ ಹೇಳಿದೆ. "ನಿನ್ನ ಕಿವಿ ಡೀಸೆಲ್ ಎಂಜಿನಿನ ಸದ್ದಿಗೆ ಹೋಗಿದೆ" ಎಂದು ವಾಲಿ ನನ್ನ ಬಾಯಿ ಮುಚ್ಚಿಸಿದ. ಬಿಡುತ್ತೇನೆಯೇ? ಮೈ ಒರೆಸುವ ಬೈರಾಸು ತಂದು ಗುಂಡಿಯ ಮೇಲೆ ಹಾಕಿ, ಇಬ್ಬರನ್ನೂ ಗೋಡೆಯ ಕಡೆ ಮುಖ ಮಾಡಿಸಿ, ಒಂದೇ ಸ್ಪೀಕರನ್ನು ನಡುವೆ ಇಟ್ಟು, ಅದನ್ನು ಒಮ್ಮೆ ಎಡಗಡೆಗೆ ಒಮ್ಮೆ ಬಲಗಡೆಗೆ ಸಿಕ್ಕಿಸುತ್ತ, ಈಗ ಹೊಸತೋ ಹಳೆಯದೋ ಹೇಳು ಎಂದೆ. ವಾಲಿ ಹೊಸತು ಅಂದಾಗ ಹಳೆಯದಿತ್ತು. ಹಳೆಯದು ಅಂದಾಗ ಒಮ್ಮೆ ಹಳೆಯದು, ಒಮ್ಮೆ ಹೊಸತು. ನನಗೆ ನಗು ತಡೆಯಲಾಗಲಿಲ್ಲ.

"ಸಾಕು ದಿನು" ಎಂದರು ಭಾವ. ಅವರ ಸ್ವರದಲ್ಲಿ ಸಿಟ್ಟಿತ್ತು. "ಅವನನ್ನು ಪರೀಕ್ಷೆ ಮಾಡ್ಲಿಕ್ಕೆ ಅವ ಎಂತ ಶಾಲೆಗೆ ಬಂದದ್ದಾ?"

"ಹಾಗಾದ್ರೆ ನೀವು ಹೇಳಿ. ವ್ಯತ್ಯಾಸ ಉಂಟಾ, ಇಲ್ವಾ?"

ಭಾವ ಬೈರಾಸು ತೆಗೆದು ಮಡಚತೊಡಗಿದರು. ಅವರ ನೆರವಿಗೆ ವಾಲಿಯೇ ಬಂದ. "ಇವತ್ತೇ ಹೇಗೆ ಹೇಳುದು ಮಾರಾಯ? ಹೊಸ ವಯರ್ ಅಂದ್ರೆ ಹಲಸಿನ ಕಾಯಿ ಹಾಗೆ. ಹಣ್ಣಾಗ್ಬೇಕು. ದಿನಾ ಇಷ್ಟು ಹೊತ್ತು ಅಂತ ಅದರಲ್ಲಿ ಹಾಡು ಓಡ್ಬೇಕು. ಆಮೇಲೆ ಅದರ ನಿಜವಾದ ಗುಣ ಬರುದು. ದೊಡ್ಡ ದೊಡ್ಡವರು ಹೇಳಿದ್ದಾರೆ."

"ತಾಮ್ರ ಹಣ್ಣಾಗ್ತದಾ?"

"ನಿನಗೆ ಅರ್ಥ ಆಗುದಿಲ್ಲ ಬಿಡು. ನಾನು ದಿನಾ ಬಂದು ನೋಡ್ತೇನೆ."

ಹೇಳಿದ್ದಷ್ಟೇ ಅಲ್ಲ, ಬಂದ. ಸಂಜೆ ಚಾದ ಹೊತ್ತಿಗೆ ವಾಮಂಜೂರಿನಲ್ಲಿ ಬಸ್ಸಿಳಿದು, ಮೊಣಕಾಲಿನವರೆಗೆ ಪ್ಯಾಂಟು ಮಡಚಿ, ಕೆಂಪು ನೀರು ಹರಿಯುವ ಆ ರಸ್ತೆಯಲ್ಲಿ ನಡೆದು ಬರುತ್ತಿದ್ದ. ಗುರುವಾರ ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರದ ಎದುರು ಜನಜಂಗುಳಿ, ಬಸ್ಸಿಗೆ ಹತ್ತಲು ಜಾಗ ಸಿಗುವುದಿಲ್ಲ, ಆದರೂ ತಪ್ಪಿಸಲಿಲ್ಲ. ಬಂದವನೇ ಆಂಪ್ಲಿಫೈಯರಿನ ನೆತ್ತಿ ಮುಟ್ಟಿ ನೋಡುತ್ತಿದ್ದ, ಜ್ವರ ನೋಡುವವರ ಹಾಗೆ. ಚೆಂಡೆ ಎಡಕ್ಕೆ, ಚೆಂಡೆ ಬಲಕ್ಕೆ. "ನಿನ್ನೆಗಿಂತ ಬಿಚ್ಚಿಕೊಂಡಿದೆ" ಎನ್ನುತ್ತಿದ್ದ. "ಹೌದಾ?" ಎನ್ನುತ್ತಿದ್ದರು ಭಾವ, ಅದಕ್ಕಿಂತ ಹೆಚ್ಚಿಲ್ಲ. ಅಷ್ಟಾದ ಮೇಲೆ ವಯರಿನ ಮಾತು ಬಿಟ್ಟು ಬೇರೆ ಮಾತು ಬರುತ್ತಿತ್ತು. ರೋಸ್ ಮನೆಯಲ್ಲಿ ಮೈಕು ಬಾವಿಗೆ ಬಿದ್ದದ್ದು, ಕೋಲದ ದಿನ ಬ್ಯಾಟರಿ ಕೈಕೊಟ್ಟು ಇಬ್ಬರೂ ಗದ್ದೆಗೆ ಹಾರಿ ಓಡಿದ್ದು. ಆ ಮಾತಿನ ನಡುವೆ ಭಾವ ಅರ್ಧ ಬಟ್ಟಲು ಗಂಜಿ ಕುಡಿಯುತ್ತಿದ್ದರು. ಬೇರೆ ಹೊತ್ತಿನಲ್ಲಿ ಅಕ್ಕ ಎಷ್ಟು ಬೇಡಿದರೂ ಎರಡು ಚಮಚಕ್ಕಿಂತ ಹೆಚ್ಚು ಇಳಿಯುತ್ತಿರಲಿಲ್ಲ.

ನಾನೂ ಧಕ್ಕೆಯ ಕೆಲಸ ಬೇಗ ಮುಗಿಸಿ, ನಂತೂರಿನ ಟ್ರಾಫಿಕ್ಕಿಗೆ ಶಾಪ ಹಾಕುತ್ತ, ಸ್ಕೂಟರಿನಲ್ಲಿ ಒದ್ದೆಯಾಗಿ ಹೋಗುತ್ತಿದ್ದೆ. ನಾನು ಹೋದ ಕೂಡಲೇ ಇಬ್ಬರೂ ಒಂದಾಗುತ್ತಿದ್ದರು. ನನ್ನನ್ನು ನಾಸ್ತಿಕ ಎಂದು ಕರೆಯುವುದು ಅವರಿಗೆ ಒಂದು ಆಟ. ನನಗೆ ನಿಜವಾಗಿಯೂ ಕಿರಿಕಿರಿಯಾಗುತ್ತಿತ್ತು. ಒಂದು ದಿನ ಅಕ್ಕನನ್ನು ಸಾಕ್ಷಿಗೆ ಕರೆದೆ. "ಅಕ್ಕ, ನೀನು ಹೇಳು, ನಿನಗೆ ಎಂತ ಕೇಳ್ತದೆ?"

"ನನಗೆ ಹಾಲು ಉಕ್ಕುದು ಕೇಳ್ತದೆ" ಎಂದು ಅಕ್ಕ ಒಳಗೆ ಹೋದಳು.

ಜುಲೈ ನಡುವಿಗೆ ಮಳೆ ಹಗಲು ರಾತ್ರಿ ಒಂದು ಮಾಡಿತು. ಭಾವನನ್ನು ಕುರ್ಚಿಯಲ್ಲಿ ಕೂರಿಸುವುದು ಕಷ್ಟವಾಗಿ, ಮಂಚವನ್ನೇ ಸ್ಪೀಕರುಗಳ ಎದುರು ತಂದು ಹಾಕಿದೆವು. ಅಕ್ಕ ದಿನಕ್ಕೆರಡು ಸಲ ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದಳು. ಒಂದು ಸಂಜೆ ವಾಲಿ ಹೊರಡುವಾಗ, "ಸದಾ, ಇನ್ನು ವಯರ್ ಇದಕ್ಕಿಂತ ಹಣ್ಣಾಗ್ಲಿಕ್ಕಿಲ್ಲ. ಬರುವ ಆದಿತ್ಯವಾರ ನೀನು ತೀರ್ಪು ಹೇಳ್ಬೇಕು. ಈ ನಾಸ್ತಿಕನ ಎದುರಲ್ಲೇ ಹೇಳ್ಬೇಕು" ಎಂದ. ಭಾವ ಆಗಲಿ ಎಂದರು. ಅವರ ಮುಖ ಸಣ್ಣದಾದದ್ದನ್ನು ನಾನು ನೋಡಿದೆ. ದಣಿವು ಇರಬೇಕು ಎಂದುಕೊಂಡೆ.

ಶುಕ್ರವಾರ ಮಧ್ಯಾಹ್ನ ಅವರದೇ ಫೋನು. "ಬೆಸುಗೆ ಸಾಮಾನು ತೆಕ್ಕೊಂಡು ಬಾ. ವಾಲಿ ಬರುವ ಮೊದಲು ಬಾ."

ಹೋದೆ. ವಾಲಿ ತಂದಿದ್ದ ವಯರಿನ ಉಳಿದ ತುಂಡು ಅವರ ಎದೆಯ ಮೇಲಿತ್ತು.

"ದಿನು, ಬಲಗಡೆಗೂ ಹಾಕು."

ನನಗೆ ಒಳಗೊಳಗೇ ಸೋತ ಹಾಗಾಯಿತು. "ಹಾಗಾದ್ರೆ ವ್ಯತ್ಯಾಸ ಉಂಟು ಅಂತಲಾ?"

"ಇಲ್ಲ."

"ಎಂತ?"

"ಒಂದು ಚೂರೂ ಇಲ್ಲ ಮಾರಾಯ. ಮೊದಲ ದಿನವೇ ಗೊತ್ತಾಯ್ತು. ನೀನು ಹೇಳಿದ್ದೇ ಸರಿ."

ಇಡೀ ಮಳೆಗಾಲ ಕಾದಿದ್ದ ಮಾತು ಅದು. ಕೇಳಿ ನನಗೆ ಸ್ವಲ್ಪವೂ ಖುಷಿಯಾಗಲಿಲ್ಲ. ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

ಅವರು ನಿಧಾನಕ್ಕೆ, ನಿಲ್ಲಿಸಿ ನಿಲ್ಲಿಸಿ ಹೇಳಿದರು. "ಉಂಟು ಅಂದ್ರೆ ವಾಲಿ ಖುಷಿಯಲ್ಲಿ ಮನೆಗೆ ಹೋಗ್ತಾನೆ. ಇಲ್ಲ ಅಂದ್ರೆ ಬೇಜಾರಲ್ಲಿ ಹೋಗ್ತಾನೆ. ಹೇಗಾದ್ರೂ ಹೋಗ್ತಾನೆ. ಆಮೇಲೆ ಬರ್ಲಿಕ್ಕೆ ಅವನಿಗೆ ಎಂತ ಉಂಟು ಇಲ್ಲಿ?"

"ನಿಮ್ಮನ್ನು ನೋಡ್ಲಿಕ್ಕೆ ಬರುದಿಲ್ವಾ?"

"ನನ್ನನ್ನು ನೋಡ್ಲಿಕ್ಕೆ ಬಂದವರು ಎಷ್ಟು ಜನ ಎರಡನೇ ಸಲ ಬಂದ್ರು ಹೇಳು? ಅವರದ್ದು ತಪ್ಪಲ್ಲ. ಎಂತ ಮಾತಾಡುದು ಅಂತ ಗೊತ್ತಾಗುದಿಲ್ಲ. ಮಸ್ಕತಿನಲ್ಲಿ ನನ್ನ ರೂಮಿನವ ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ನಾನೂ ಒಂದು ಸಲ ಹೋಗಿ ಬಾಳೆಹಣ್ಣು ಇಟ್ಟು ಓಡಿ ಬಂದವನೇ. ವಯರ್ ಇದ್ರೆ ಮಾತಾಡ್ಲಿಕ್ಕೆ ಏನಾದ್ರೂ ಇರ್ತದೆ. ಬಲಗಡೆಗೂ ಹಾಕು, ಅದೂ ಹಣ್ಣಾಗ್ಬೇಕಲ್ಲ. ಅಷ್ಟು ದಿನ ಬರ್ತಾನೆ. ಆಮೇಲೆ ನಾನು ಇರುದಿಲ್ಲ, ಬಿಡು." ಎದೆಯ ಮೇಲಿನ ವಯರನ್ನು ನನ್ನ ಕೈಗಿಟ್ಟು, "ಅವನಿಗೆ ಹೇಳ್ಬೇಡ. ಪಾಪ, ಅವನಿಗೆ ನಿಜವಾಗಿಯೂ ಕೇಳ್ತದೆ" ಎಂದರು.

ನನಗೆ ಅಳು ಬಂತು. ಅತ್ತುಬಿಟ್ಟೆ. ಭಾವ ಅದನ್ನು ನೋಡಿಯೂ ನೋಡದವರ ಹಾಗೆ ಟಾರ್ಚಿಗೆ ಕೈ ಚಾಚಿದರು. ವಯರಿನಿಂದ ಏನೂ ಆಗುವುದಿಲ್ಲ ಎಂದು ಇಡೀ ಮಂಗಳೂರಿಗೆ ಹೇಳಿಕೊಂಡು ತಿರುಗಿದ ನಾನು, ಮಂಚದ ಪಕ್ಕ ನೆಲದ ಮೇಲೆ ಕೂತು, ಸರಿಯಿದ್ದ ವಯರುಗಳನ್ನು ಒಂದೊಂದಾಗಿ ಕಿತ್ತು, ಬೆಳ್ಳಿ ಲೇಪದ್ದನ್ನು ಹಾಕಿದೆ. ಅಷ್ಟು ಜಾಗ್ರತೆಯಲ್ಲಿ ನಾನು ಯಾವ ಬೋಟಿಗೂ ಬೆಸುಗೆ ಹಾಕಿಲ್ಲ. ಟಾರ್ಚಿನ ಬೆಳಕು ಅಲ್ಲಾಡುತ್ತಿತ್ತು. ಅಕ್ಕ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಹೊಗೆ ಕೋಣೆಯ ತುಂಬ ನಿಂತಿತ್ತು.

ಆದಿತ್ಯವಾರ ವಾಲಿ ಇಸ್ತ್ರಿ ಹಾಕಿದ ಅಂಗಿ ತೊಟ್ಟು ತೀರ್ಪು ಕೇಳಲು ಬಂದ.

"ಬಲಗಡೆಗೂ ಹಾಕಿಸಿದೆ" ಎಂದರು ಭಾವ. "ಎಡಗಡೆ ಅಷ್ಟು ಚಂದ ಆದ ಮೇಲೆ ಬಲಗಡೆ ಮಾತ್ರ ಯಾಕೆ ಹಾಗೆ ಬಿಡುದು?"

ವಾಲಿ ನನ್ನನ್ನು ನೋಡಿದ. "ಈ ನಾಸ್ತಿಕ ಹಾಕಿದ್ನಾ?"

"ಹಾಕಿದೆ" ಎಂದೆ.

ವಾಲಿ ಗೆದ್ದವನ ಹಾಗೆ ನಗಬೇಕಿತ್ತು. ನಕ್ಕ, ಆದರೆ ಸ್ವಲ್ಪವೇ. "ಹಾಗಾದ್ರೆ ಇನ್ನು ಇದೂ ಹಣ್ಣಾಗ್ಬೇಕು" ಎಂದ. "ಆಗ್ಲಿ, ನೀನು ಬಾ" ಎಂದರು ಭಾವ.

ಬಂದ. ಆದರೆ ನಮ್ಮಲ್ಲಿ ಅಶುಭವೆನ್ನುವ ಆಟಿ ತಿಂಗಳು ಶುರುವಾಗಿತ್ತು, ಭಾವ ಬೇಗ ಬೇಗ ಇಳಿದುಹೋದರು. ಕೊನೆಗೆ ಗಂಜಿಯೂ ಇಲ್ಲ, ಮಾತೂ ಇಲ್ಲ. ವಾಲಿ ಒಬ್ಬನೇ ಮಾತಾಡುತ್ತಿದ್ದ, ಭಾವ ಅವನ ಕಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಮಳೆ ಬಿಟ್ಟು ಬಿಸಿಲು ಬಂದಿದ್ದ ಒಂದು ಬೆಳಿಗ್ಗೆ, ಅಕ್ಕ ಒಗೆದ ಬಟ್ಟೆಗಳನ್ನು ಅಂಗಳದಲ್ಲಿ ಹರವಿ ಒಳಗೆ ಬರುವಷ್ಟರಲ್ಲಿ ಭಾವ ಹೋಗಿದ್ದರು.

ಜನ ಬಂದರು. ಸೇಬು ತಂದವರೆಲ್ಲ ಬಂದರು, ಹೇಳಲು ಮಾತು ಸಿಕ್ಕಿದ ನೆಮ್ಮದಿಯಲ್ಲಿ ಬಂದರು. ಉತ್ತರಕ್ರಿಯೆ ಮುಗಿದು ಬೊಜ್ಜದ ಊಟ ಆಯಿತು. ವಾಲಿ ಮೂಲೆಯ ಪಂಕ್ತಿಯಲ್ಲಿ ಕೂತು ಎಲೆಯ ಮೇಲಿದ್ದದ್ದನ್ನು ಸುಮ್ಮನೆ ಕಲಸುತ್ತಿದ್ದ. ಮರುದಿನ ಶಾಮಿಯಾನ ಬಿಚ್ಚಿಕೊಂಡು ಹೋದರು. ನಾನು ಬಾಡಿಗೆ ಪಾತ್ರೆಗಳನ್ನು ಕಳಿಸಿ ಜಗಲಿಯಲ್ಲಿ ಕೂತಿದ್ದೆ. ಚಾದ ಹೊತ್ತಿಗೆ ರಸ್ತೆಯಲ್ಲಿ ಅದೇ ಕೊಡೆ ಕಂಡಿತು.

"ಕಾಲು ತನ್ನಿಂತಾನೇ ಬಸ್ ಹತ್ತಿತು" ಎಂದ ವಾಲಿ. ನನ್ನ ಪಕ್ಕ ಕೂತ. ಕೊಡೆ ಮಡಚಿ ಪಕ್ಕಕ್ಕಿಟ್ಟ.

"ದಿನೇಶ, ನನಗೆ ಎಂತದೂ ಕೇಳ್ತಿರಲಿಲ್ಲ."

ನಾನು ಅವನ ಕಡೆ ತಿರುಗಿದೆ.

"ಆ ಮೊದಲ ದಿನ ಅವ ಹೇಗುಂಟು ಅಂತ ನನ್ನ ಮುಖ ನೋಡಿದ. ಆ ಮುಖಕ್ಕೆ ಎಂತ ಹೇಳುದು? ಚಕ್ರತಾಳ ಅಂದೆ, ಗಂಟೆ ಅಂದೆ, ಬಾಯಿಗೆ ಬಂದದ್ದು ಹೇಳಿದೆ. ಒಮ್ಮೆ ಹೇಳಿದ ಮೇಲೆ ದಿನಾ ಬಂದು ಹೇಳ್ಬೇಕಾಯ್ತು. ಸಾಯ್ಲಿಕ್ಕೆ ಹೊರಟವನಿಗೆ ಸುಳ್ಳು ಹೇಳಿದೆ ಮಾರಾಯ. ಅವ ಅದನ್ನೇ ನಂಬಿ, ಹಣ್ಣಾಗ್ತದೆ ಹಣ್ಣಾಗ್ತದೆ ಅಂತ ಕಾದು ಕಾದು ಹೋದ. ಕೊನೆಗೆ ಬಲಗಡೆಗೂ ಹಾಕಿಸಿದ ನೋಡು. ಗುರುವಾರ ಬಾಲಯೇಸುವಿನ ಎದುರು ಕ್ಯಾಂಡಲ್ ಹಚ್ಲಿಕ್ಕೆ ಹೋಗಿ, ಹಚ್ಚದೆ ವಾಪಸ್ ಬಂದೆ."

ಹೇಳಬೇಡ ಎಂದಿದ್ದರು ಭಾವ. ಹೋದವರಿಗೆ ಕೊಟ್ಟ ಮಾತು. ಆದರೆ ಅವರು ಕಾಪಾಡಲು ಹೊರಟದ್ದು ವಾಲಿಯ ಸಂತೋಷವನ್ನು, ಅದು ಇಲ್ಲಿ ನನ್ನ ಪಕ್ಕ ಕೂತ ಮನುಷ್ಯನಲ್ಲಿ ಎಲ್ಲಿಯೂ ಇರಲಿಲ್ಲ. ನಾನು ಮಾತು ಮುರಿದೆ. ಶುಕ್ರವಾರ ಮಧ್ಯಾಹ್ನದ್ದನ್ನೆಲ್ಲ ಹೇಳಿದೆ. ವ್ಯತ್ಯಾಸ ಇಲ್ಲವೆಂದು ಅವರಿಗೆ ಮೊದಲ ದಿನವೇ ಗೊತ್ತಿತ್ತು, ನೀನು ಬರುವುದು ನಿಲ್ಲಬಾರದೆಂದು ಬಾಯಿ ಬಿಡಲಿಲ್ಲ, ಬಲಗಡೆಗೂ ಹಾಕಿಸಿದ್ದು ಅದಕ್ಕೇ ಎಂದೆ.

"ಮೊದಲ ದಿನವೇ?" ಎಂದ ವಾಲಿ. "ಕಳ್ಳ! ನನ್ನನ್ನು ಅಷ್ಟು ಮಳೆಗೆ ದಿನಾ ಬಸ್ ಹತ್ತಿಸಿದ." ನಗಲು ಹೊರಟವನ ಬಾಯಿ ಸೊಟ್ಟಗಾಯಿತು. ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ದೊಡ್ಡ ಸ್ವರದಲ್ಲಿ ಅತ್ತ. ಎದುರಿನ ಹಾಸ್ಟೆಲಿನ ಹುಡುಗಿಯರು ಕಿಟಕಿಗೆ ಬಂದು ನೋಡಿದರು. ನಾನು ಅವನ ಬೆನ್ನ ಮೇಲೆ ಕೈ ಇಟ್ಟು ಕೂತೆ.

ಅಳು ನಿಂತ ಮೇಲೆ ಕರ್ಚೀಫಿನಿಂದ ಮುಖ ಒರೆಸಿಕೊಂಡು, ಕೊಡೆ ತೆಗೆದುಕೊಂಡು ಎದ್ದ. "ಆಯ್ತು. ಇನ್ನು ನನಗೆ ಇಲ್ಲಿ ಕೆಲಸ ಇಲ್ಲ."

"ಕೂತ್ಕೊಳ್ಳಿ ಪೊರ್ಬುಗಳೇ" ಎಂದಳು ಅಕ್ಕ. ನಮ್ಮಲ್ಲಿ ಕ್ರಿಶ್ಚಿಯನರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. ಅವಳು ಚಾ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಚಾದ ಮೇಲೆ ಕೆನೆ ಕಟ್ಟಿತ್ತು. ಅವಳು ಅವತ್ತಿನವರೆಗೆ ಯಾರ ಎದುರಿಗೂ ಅತ್ತಿರಲಿಲ್ಲ, ಆಗಲೂ ಅಳಲಿಲ್ಲ. ಲೋಟಗಳನ್ನು ಜಗಲಿಯ ಮೇಲಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಅವರ ಹತ್ತಿರ ವಯರ್ ಇತ್ತು" ಎಂದಳು. "ನನ್ನ ಹತ್ತಿರ ಅಂಥದ್ದು ಎಂತದೂ ಇಲ್ಲ. ಹಾಗೇ ಕೇಳ್ತೇನೆ. ನಾಳೆ ಬರ್ತೀರಾ?"

ರಸ್ತೆಯಲ್ಲಿ ಬಿಕರ್ನಕಟ್ಟೆಯ ಕಡೆಗೆ ಹೋಗುವ ಬಸ್ಸು ಹಾರ್ನ್ ಹಾಕಿತು. ವಾಲಿ ಕೊಡೆಯನ್ನು ಗೋಡೆಗೆ ಒರಗಿಸಿ ಕೂತ.